ಅಲಸಂದೆ ತಿನ್ನುವವನ ಕಣ್ಣು

ನ್ಯಾಮಬುಗು
ನವೆಂಬರ್ 12, 1998

ನನ್ನ ತೊತ್ತು ನಾನ್ಯುಮಾ ಕೇಯ್ತಾಳಿಗೆ, ಅವಳ ಒಡೆಯನೂ ಈ ಊರಿನ ನೇಕಾರನೂ ಆದ ಶಿಯಾಕಾ ಕುಲಿಬಾಲಿ ಬರೆದದ್ದು.

ನೀನು ನಮ್ಮೂರ ದವಾಖಾನೆ ಬಿಟ್ಟು ನದಿದಂಡೆಯ ಕಣ್ಣಾಸ್ಪತ್ರೆಗೆ ನರ್ಸಾಗಿ ಹೋದ ಮೇಲೆ ಇಲ್ಲಿ ಎಲ್ಲರ ಆರೋಗ್ಯ ಸುಧಾರಿಸಿದೆ. ಕಾಯಿಲೆಗಳಿಗೂ ನಿನ್ನ ಕಂಡರೆ ಸಲಿಗೆಯಿತ್ತು ಅಂತ ಕಾಣುತ್ತದೆ, ನಿನ್ನ ಹಿಂದೆಯೇ ಬಸ್ಸು ಹತ್ತಿದವು. ನನ್ನ ಕಣ್ಣು ಮಾತ್ರ ಬಸ್ಸು ತಪ್ಪಿಸಿಕೊಂಡು ಇಲ್ಲೇ ಕೂತಿದೆ.

ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದರೆ ಹತ್ತಿ ಬೆಳೆಗಾರರ ಸಂಘದ ಅಕ್ಷರ ಮೇಷ್ಟ್ರನ್ನು ಬೈಯಬೇಡ. ಆತ ಸರಿಯಾಗಿಯೇ ಕಲಿಸಿದ. ಕಾಗದವೇ ಹೊಗೆಯಾಡುತ್ತಿದೆ. ಎರಡು ಕಣ್ಣಿಗೂ ಯಾರೋ ಗಂಜಿ ಬಳಿದ ಹಾಗಿದೆ.

ಕಳೆದ ಸೋಮವಾರ ಸಂತೆಯ ದಾರಿಯಲ್ಲಿ ಒಬ್ಬರು ಎದುರಿಗೆ ನಿಂತರು. ನಾನು ದೊಡ್ಡವರ ಮನೆಯ ಮಗನಲ್ಲವೇ, ಕ್ರಮಪ್ರಕಾರ ವಿಚಾರಿಸಿಕೊಂಡೆ. ಹೆಂಡತಿ ಚೆನ್ನಾಗಿದ್ದಾಳಾ, ಮಕ್ಕಳು ಚೆನ್ನಾಗಿದ್ದಾರಾ, ಸಜ್ಜೆ ತೆನೆ ಕಟ್ಟಿತಾ, ಬಾವಿಯಲ್ಲಿ ನೀರಿದೆಯಾ. ಉತ್ತರವಿಲ್ಲ. ಇಷ್ಟು ಸೊಕ್ಕು ಭೂಮಿಯ ಮೇಲೆ ನಿಮ್ಮ ಕೇಯ್ತಾ ಕುಲದವರಿಗೆ ಮಾತ್ರ ಇರುವುದರಿಂದ, ಎದುರಿಗಿರುವುದು ಕೇಯ್ತಾ ಎಂದೇ ತೀರ್ಮಾನಿಸಿ, “ನಿಮ್ಮಜ್ಜ ನಮ್ಮ ಅಂಗಳ ಗುಡಿಸ್ತಿದ್ದ, ಮರ್ತ್ಬಿಟ್ಯೇನಲೇ?” ಎಂದು ಬೈದೆ. ಆಗ ಅದು ಕಿವಿ ಅಲ್ಲಾಡಿಸಿತು. ಕತ್ತೆ. ನನ್ನ ಅಂದಾಜು ತೀರಾ ತಪ್ಪಿರಲಿಲ್ಲವೆಂದು ಸಂತೆಯವರೆಲ್ಲ ಒಪ್ಪಿದರು.

ಮಗ್ಗದ ವಿಷಯಕ್ಕೆ ನಗು ಬರುವುದಿಲ್ಲ. ನೀಲಿ ನೂಲು ಯಾವುದು ಕಪ್ಪು ಯಾವುದು ತಿಳಿಯುತ್ತಿಲ್ಲ. ಮದುವೆಯ ಕಂಬಳಿಯೊಂದನ್ನು ಅರ್ಧ ನೀಲಿ ಅರ್ಧ ಕಪ್ಪು ನೇಯ್ದುಕೊಟ್ಟೆ. ಮದುಮಗಳ ತಾಯಿ ಬಂದು, ಬಿಡಿಸಿ ನೋಡಿ, ಮಡಚಿ, ಏನೂ ಹೇಳದೆ ಹೋದಳು. ಬೈದಿದ್ದರೆ ಅವತ್ತು ಊಟ ಸೇರುತ್ತಿತ್ತು. ನೇಯದ ಕುಲಿಬಾಲಿ ಯಾವುದಕ್ಕೆ? ಬರೀ ತಿನ್ನುವುದಕ್ಕೆ.

ಸಂತೆಗೆ ಸೂಜಿಯವನು ಬರುತ್ತಾನೆ. ಮರದಡಿ ಕೂರಿಸಿ, ಕಣ್ಣಿಗೆ ಸೂಜಿ ತೂರಿಸಿ, ಒಳಗಿನ ಬಿಳಿಯನ್ನು ಹಿಂದಕ್ಕೆ ತಳ್ಳುತ್ತಾನೆ. ಆಮೇಲೆ “ಎಷ್ಟು ಬೆರಳು?” ಅನ್ನುತ್ತಾನೆ, ಕೂತವರು ಸರಿಯಾಗಿ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನೀವೂ ಅಲ್ಲಿ ಕಣ್ಣು ಕೊಯ್ಯುತ್ತೀರಂತೆ. ಚಪ್ಪಾಳೆ ಇದೆಯೋ?

ನಿನ್ನ ಒಡೆಯ
ಶಿಯಾಕಾ

*

ಕಣ್ಣಾಸ್ಪತ್ರೆ, ಬಾನಿ ನದಿದಂಡೆ
ನವೆಂಬರ್ 27, 1998

ಅಲಸಂದೆ ತಿನ್ನುವ ಗುಲಾಮ ಶಿಯಾಕಾನಿಗೆ,

ನಿನ್ನ ಕಾಗದ ಬಂತು. ಅದರ ಹಿಂದೆಯೇ ವಾಸನೆಯೂ ಬಂತು. ಕುಲಿಬಾಲಿಗಳು ಅಲಸಂದೆ ತಿಂದು ಕಾಗದ ಬರೆಯಬಾರದೆಂದು ಅಂಚೆಯವರು ಯಾಕೆ ಕಾನೂನು ಮಾಡಿಲ್ಲವೋ.

ಮೊದಲು ಕತ್ತೆಗೆ ನನ್ನ ಪರವಾಗಿ ಕ್ಷಮೆ ಕೇಳು. ಅದು ನಿನ್ನನ್ನು ಗುರುತಿಸಿಯೇ ಸುಮ್ಮನಿದ್ದದ್ದು.

ಈಗ ಕಿವಿ ಕೊಟ್ಟು ಕೇಳು. ಸೂಜಿಯವನು ಬಿಳಿಯನ್ನು ಹೊರಗೆ ತೆಗೆಯುವುದಿಲ್ಲ, ಕಣ್ಣಿನ ಒಳಗೇ ಬೀಳಿಸುತ್ತಾನೆ. ಕಸವನ್ನು ಮಂಚದಡಿ ತಳ್ಳಿ “ಗುಡಿಸಿದೆ” ಅನ್ನುವ ಸೊಸೆಯ ಹಾಗೆ. ಕೆಲವು ದಿನ ಕಾಣುತ್ತದೆ. ಆಮೇಲೆ ಆ ಕಸ ಕೊಳೆಯುತ್ತದೆ, ಕಣ್ಣು ಕಲ್ಲಾಗುತ್ತದೆ. ಅಷ್ಟರಲ್ಲಿ ಅವನು ಬೇರೆ ಸಂತೆಯಲ್ಲಿ ಬೇರೆಯವರಿಗೆ ಬೆರಳು ತೋರಿಸುತ್ತಿರುತ್ತಾನೆ. ಅವನ ಮರದಡಿ ಚಪ್ಪಾಳೆ ಹೊಡೆಸಿಕೊಂಡವರು ಆಮೇಲೆ ನಮ್ಮ ವಾರ್ಡಿಗೆ ಬರುತ್ತಾರೆ. ಅವರ ಕೈ ಹಿಡಿದು ಪಾಯಿಖಾನೆಗೆ ಕರೆದುಕೊಂಡು ಹೋಗುವವಳು ನಾನು.

ಇಲ್ಲಿ ಡಾಕ್ಟರು ಮಸುಕಾದ ಮಣಿಯನ್ನು ಹೊರಗೆ ತೆಗೆದು, ಅದರ ಜಾಗದಲ್ಲಿ ತಿಳಿಯಾದ ಹೊಸ ಮಣಿ ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ನೇಕಾರನಾದ ನೀನೂ ನಾಚುವಂಥ ಹೊಲಿಗೆ. ನೋವಾಗುವುದಿಲ್ಲ, ಮರಗಟ್ಟಿಸುತ್ತಾರೆ. ಒಂದು ಸಲಕ್ಕೆ ಒಂದೇ ಕಣ್ಣು.

ನೀನು ಹಿಂದೆಮುಂದೆ ನೋಡುತ್ತೀಯೆಂದು ಗೊತ್ತು. ಅದಕ್ಕೇ ಕೇಳಿಕೊಳ್ಳುತ್ತಿಲ್ಲ. ಕೇಯ್ತಾ ಮತ್ತು ಕುಲಿಬಾಲಿಗಳ ಗೇಲಿನಂಟು ನಮ್ಮ ಅಜ್ಜಂದಿರ ಕಾಲದ್ದು. ಒಬ್ಬರನ್ನೊಬ್ಬರು ಗುಲಾಮರೆಂದು ಬೈದರೂ ಸಿಟ್ಟಾಗುವಂತಿಲ್ಲ, ಆಜ್ಞೆ ಮಾಡಿದರೆ ಇಲ್ಲವೆನ್ನುವಂತಿಲ್ಲ. ಆದ್ದರಿಂದ ಗುಲಾಮ, ನಿನ್ನ ಒಡತಿಯ ಆಜ್ಞೆ: ಹತ್ತಿ ಬಿಡಿಸಿ ಮುಗಿದ ಕೂಡಲೇ ಶುಕ್ರವಾರದ ಬಸ್ಸಿಗೆ ಬಾ. ನಿನ್ನ ಹೆಂಡತಿ ತೆನೆಯನ್ನೂ ಕರೆದುಕೊಂಡು ಬಾ. ಇಲ್ಲಿ ಅಡುಗೆ ರೋಗಿಯ ಮನೆಯವರದ್ದೇ, ಪಾತ್ರೆ ತರಲಿ. ಅಲಸಂದೆ ಬೇಡ. ವಾರ್ಡಿಗೆ ಕಿಟಕಿ ಕಡಿಮೆ.

ಚಪ್ಪಾಳೆ ಇಲ್ಲ. ಪಟ್ಟಿ ಬಿಚ್ಚುವ ಹೊತ್ತಿನಲ್ಲಿ ಇಡೀ ವಾರ್ಡು ಉಸಿರು ಹಿಡಿದಿರುತ್ತದೆ, ಅಷ್ಟೆ.

ನಾನ್ಯುಮಾ ಕೇಯ್ತಾ

*

ನ್ಯಾಮಬುಗು
ಜನವರಿ 24, 1999

ತೊತ್ತೇ,

ಮನೆ ಸೇರಿದೆವು. ನೋಡು, ನನ್ನ ಸಾಲುಗಳನ್ನು ನೋಡು. ಹೊಸ ಮಣಿ ಕೂರಿಸಿದ ಬಲಗಣ್ಣೊಂದರಲ್ಲೇ ಬರೆದದ್ದು. ಒಂದು ಅಕ್ಷರವೂ ಇನ್ನೊಂದರ ಹೆಗಲೇರಿಲ್ಲ.

ವಾರ್ಡಿನಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಬೆಳಗಾದರೆ ನಮ್ಮನ್ನೆಲ್ಲ ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ ಇಡಿಸಿ, ಸಾಲಾಗಿ ಪಟ್ಟಿ ಕಟ್ಟುವ ಕೋಣೆಗೆ ನಡೆಸುತ್ತಿದ್ದೆಯಲ್ಲ, ಮುಂದೆ ನೀನು, ಹಿಂದೆ ಕುರುಡರ ಬಾಲ, ಆಗ ನನ್ನ ಹಿಂದಿದ್ದ ಮುದುಕ ಅಳುತ್ತಿದ್ದ. ಹೆದರಿಕೆಗಲ್ಲ. “ಇಷ್ಟು ವರ್ಷಕ್ಕೆ ಯಾರೋ ನನ್ ಮುಖ ತೊಳ್ದ್ರಪ್ಪ” ಅನ್ನುತ್ತಿದ್ದ. ನೀನು ಪಟ್ಟಿ ಬಿಚ್ಚಿ, ಬೆಚ್ಚನೆಯ ನೀರಿನಲ್ಲಿ ರೆಪ್ಪೆ ಒರೆಸಿ, “ಮೆಲ್ಲಗೆ ತೆರಿಯೋ, ಬಾಗಿಲು ಮುರೀಬೇಡ” ಅಂದೆ. ತೆರೆದೆ. ಮೊದಲು ಕಂಡದ್ದು ನಿನ್ನ ಮೂಗು. ಇಷ್ಟು ಕಷ್ಟಪಟ್ಟು ಇದನ್ನು ನೋಡಬೇಕಿತ್ತೇ ಎಂದು ಕೇಳಿದೆ. ಇಡೀ ವಾರ್ಡು ನಕ್ಕಿತು. ನನಗೆ ಆಗ ಅಳು ಬಂದಿತ್ತು, ಕಣ್ಣೀರು ಬಂದರೆ ಹೊಲಿಗೆಗೆ ಆಗದೆಂದು ಹಾಗೆ ಹೇಳಿದೆ.

ಎರಡನೆಯದಾಗಿ ಕಂಡದ್ದು ತೆನೆ. ನಾನು ನೋಡದೆ ಇದ್ದಾಗ ಯಾರೋ ನನ್ನ ಹೆಂಡತಿಯನ್ನು ಮುದುಕಿ ಮಾಡಿದ್ದಾರೆ. ಬಸ್ಸಿನಲ್ಲಿ ಇಡೀ ದಾರಿ ಅವಳನ್ನೇ ನೋಡಿದೆ. “ಏನ್ ಹಂಗ್ ನೋಡ್ತೀಯ?” ಅಂದಳು. ಹಳೆ ಲೆಕ್ಕ ತೀರಿಸುತ್ತಿದ್ದೇನೆ ಅಂದೆ.

ಮನೆಗೆ ಬಂದು ಎರಡು ಮಳೆಗಾಲದಲ್ಲಿ ನೇಯ್ದದ್ದನ್ನೆಲ್ಲ ಹರಡಿ ನೋಡಿದೆ. ನೋಡಬಾರದಿತ್ತು. ಈಗ ಕೂತು ಬಿಚ್ಚುತ್ತಿದ್ದೇನೆ.

ನೀನು ಕೊಟ್ಟ ಔಷಧಿಯ ಹನಿ ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದೇನೆ, ಬಗ್ಗುತ್ತಿಲ್ಲ, ಭಾರ ಎತ್ತುತ್ತಿಲ್ಲ. ಬಗ್ಗುವುದು, ಎತ್ತುವುದು ನಾನು ಮೊದಲೂ ಮಾಡುತ್ತಿರಲಿಲ್ಲ ಎಂದು ತೆನೆ ಹೇಳುತ್ತಾಳೆ.

ಒಂದು ದೂರು. ಪಕ್ಕದ ಅಂಗಳದ ನ್ಯೆಲೆ ಕೇಯ್ತಾ, ನಿನ್ನ ಕುಲದ ಮುದುಕಿ, ಆ ಸದಾ ಸೋರುವ ಕಣ್ಣಿನವಳು, ನಾನು ಬಂದ ದಿನವೇ ಬಂದು ನಾನು ಕೂರುವ ಮರದ ಪೀಠ ಎತ್ತಿಕೊಂಡು ಹೋದಳು. “ಗುಲಾಮಂಗೆ ಕಣ್ಣ್ ಬಂತು, ಇನ್ನ್ ಪೀಠ ಯಾಕೆ, ನೆಲ ಕಾಣಲ್ವಾ?” ಅಂದಳು. ನಿನ್ನ ಕುಲದವರನ್ನು ಕಟ್ಟಿಹಾಕು.

ಶಿಯಾಕಾ, ಕಾಣುವವನು

*

ಕಣ್ಣಾಸ್ಪತ್ರೆ
ಫೆಬ್ರವರಿ 1, 1999

ಕಾಣುವ ಗುಲಾಮನೇ,

ಸಾಲುಗಳನ್ನು ಡಾಕ್ಟರಿಗೂ ತೋರಿಸಿದೆ. ಹೆಮ್ಮೆಯಿಂದ ತೋರಿಸಿದೆ ಎಂದು ತಿಳಿಯಬೇಡ, ಕೋತಿ ಅಕ್ಷರ ಬರೆದರೂ ಹಾಗೆಯೇ ತೋರಿಸುತ್ತಿದ್ದೆ. ಇನ್ನು ಮುಂದೆ ಪ್ರತಿ ಕಾಗದವನ್ನೂ ನಿನ್ನ ಕೈಯಲ್ಲೇ ಬರೆ. ಸಾಲು ನೆಟ್ಟಗಿದ್ದರೆ ಕಣ್ಣು ನೆಟ್ಟಗಿದೆ ಎಂದು ನಾನು ಇಲ್ಲಿಂದಲೇ ತಿಳಿಯುತ್ತೇನೆ.

ಹೊರಡುವಾಗ ಹೇಳಿದ್ದನ್ನು ಮತ್ತೆ ಹೇಳುತ್ತೇನೆ. ಕೈ ಸೋಪು ಹಾಕಿ ತೊಳೆದ ಮೇಲೇ ಹನಿ. ಬಾಟಲಿಯ ಮೂತಿ ಬೆರಳಿಗೂ ರೆಪ್ಪೆಗೂ ಮುಟ್ಟಬಾರದು. ಮಲಗುವಾಗ ತಗಡಿನ ಮುಚ್ಚಳ ಕಟ್ಟಿಕೊ, ನಿದ್ದೆಯಲ್ಲಿ ಉಜ್ಜುತ್ತೀಯ. ಒಲೆಯ ಹೊಗೆಗೆ ಕೂರಬೇಡ. ಸೂಜಿಯವನು ಎಡಗಣ್ಣಿನ ಮೇಲೆ ಕಣ್ಣಿಟ್ಟಿರುತ್ತಾನೆ, ಅವನ ನೆರಳೂ ಬೇಡ. ಎಡಗಣ್ಣು ನನ್ನದು, ಮಳೆಗಾಲಕ್ಕೆ ಮೊದಲು ಅದರ ಪೊರೆ ತೆಗೆಸುತ್ತೇನೆ.

ನ್ಯೆಲೆ ಅಜ್ಜಿಯ ವಿಷಯ. ದೂರು ತಳ್ಳಿಹಾಕಲಾಗಿದೆ. ತೀರ್ಪನ್ನು ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದು: ಶಿಯಾಕಾ ಕುಲಿಬಾಲಿಯ ಕಣ್ಣಿನ ಮಣಿ ಕೇಯ್ತಾ ಕೈಯ ಆರೈಕೆಯಿಂದ ಉಳಿದದ್ದು. ಆದಕಾರಣ ಇನ್ನು ಮೇಲೆ ಯಾವ ಕೇಯ್ತಾ ಏನು ಕೇಳಿದರೂ ಅವನು ಇಲ್ಲವೆನ್ನತಕ್ಕದ್ದಲ್ಲ. ಇಲ್ಲ ಎಂದನೋ, ಹೊಲಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಪೀಠ ಹೋಯಿತೆಂದು ತಿಳಿ.

ನಿನ್ನ ಒಡತಿ

*

ನ್ಯಾಮಬುಗು
ಫೆಬ್ರವರಿ 16, 1999

ಮಹಾ ನ್ಯಾಯಾಧೀಶೆ ಕೇಯ್ತಾಳಿಗೆ,

ತೀರ್ಪನ್ನು ಓದಿದೆ. ನ್ಯೆಲೆ ಎರಡು ಸಲ ಓದಿಸಿದಳು. ಮೂರನೆಯ ಸಲಕ್ಕೆ ಅವಳಿಗೇ ಬಾಯಿಪಾಠವಾಗಿತ್ತು. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಕಂದಾಯ ವಸೂಲಿ ನಡೆದಿದೆ. ಬೆಳಗ್ಗೆ ಬರುತ್ತಾಳೆ, ಕೈ ಚಾಚುತ್ತಾಳೆ, “ಹೊಲಿಗೆ, ಹೊಲಿಗೆ” ಎಂದು ಹಾಡುತ್ತಾಳೆ, ತನ್ನ ಪಾಲು ತೆಗೆದುಕೊಂಡು ಹೋಗುತ್ತಾಳೆ. ನಾನು ಕೊಡುತ್ತೇನೆ. ಆಜ್ಞೆ ಆಜ್ಞೆಯೇ.

ನಿನ್ನ ಮಣಿಯ ವರದಿ: ನೀನು ನನ್ನ ಕಣ್ಣಿನೊಳಗೆ ಅಲಸಂದೆಯ ಮಡಕೆ ಇಟ್ಟು ಮರೆತುಹೋಗಿದ್ದೀಯ. ಅದು ಕುದಿಯುತ್ತಿದೆ. ಹಗಲೂ ಕುದಿಯುತ್ತದೆ, ರಾತ್ರಿ ಇನ್ನೂ ಚೆನ್ನಾಗಿ ಕುದಿಯುತ್ತದೆ. ಸೌದೆ ಹಾಕುವವರು ಯಾರೋ ಕೇಯ್ತಾ ಇರಬೇಕು, ಬಿಡುವೇ ಕೊಡುವುದಿಲ್ಲ. ಕಣ್ಣು ದಾಸವಾಳದ ಶರಬತ್ತಿನ ಬಣ್ಣಕ್ಕೆ ಬಂದಿದೆ, ಮದುವೆಗೆ ಹೊರಟ ಹಾಗಿದೆ. ರೆಪ್ಪೆಯ ಮೇಲೆ ಗಂಜಿ ಕೆನೆಗಟ್ಟುತ್ತದೆ. ತೆನೆ, “ಬಸ್ಸಿಗ್ ಹೋಗಣ” ಅನ್ನುತ್ತಾಳೆ. ಹೆಂಗಸರಿಗೆ ಬಸ್ಸಿನ ಮೋಹ.

ನನ್ನ ಸಾಲುಗಳನ್ನು ನೋಡಿದೆಯಾ? ಹಾಸು ಕಟ್ಟಿದ ಮಗ್ಗದ ಹಾಗಿವೆ. ನೇಕಾರನ ಕೈ. ಚಿಂತೆ ಮಾಡಬೇಡ.

ಮಡಕೆ ಇಳಿಸುವುದು ಯಾವಾಗ ಎಂದು ಮಾತ್ರ ತಿಳಿಸು.

ಶಿಯಾಕಾ

*

ಕಣ್ಣಾಸ್ಪತ್ರೆ
ಮಾರ್ಚ್ 2, 1999

ಅಲಸಂದೆ ಮಡಕೆಯೇ,

ನಿನ್ನ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಪಟ್ಟಿ ಕಟ್ಟಿಕೊಂಡವರೆಲ್ಲ ನಕ್ಕು ನಕ್ಕು, ಹೊಲಿಗೆ ಬಿಚ್ಚೀತೆಂದು ನಾನು ಗದರಬೇಕಾಯಿತು. ಒಬ್ಬ ಕುಲಿಬಾಲಿ ಮಲಗಿದ್ದ. ಅವನೂ “ನಂಗೂ ಹಂಗೇ ಕುದೀತೈತಮ್ಮ, ಆದ್ರೆ ಹೊಟ್ಟೇಲಿ” ಅಂದ. ಕುಲಿಬಾಲಿಯ ಮೈಯಲ್ಲಿ ಎಲ್ಲಿಯಾದರೂ ಒಂದು ಕಡೆ ಅಲಸಂದೆ ಕುದಿಯದೆ ಇರುತ್ತದೆಯೇ.

ಸಾಲುಗಳು ಎಷ್ಟು ನೆಟ್ಟಗಿವೆಯೆಂದರೆ ನನ್ನ ಸಾಲುಗಳಿಗೆ ನಾಚಿಕೆಯಾಗುತ್ತಿದೆ. ಅವನ್ನು ನೋಡಿ ನೆಮ್ಮದಿಯಾಯಿತು. ಹೊಲಿಗೆ ಇರುವಷ್ಟು ದಿನ ಸ್ವಲ್ಪ ಚುಚ್ಚುತ್ತದೆ, ಕೆಂಪಾಗುತ್ತದೆ. ನಿಜಕ್ಕೂ ತಡೆಯದಿದ್ದರೆ ಕತ್ತೆ ಹತ್ತಿ ಬಾ, ಹೇಗೂ ನೆಂಟರು.

ಈ ವಾರ ವಾರ್ಡು ತುಂಬಿದೆ. ನೆಲದ ಮೇಲೂ ಚಾಪೆ ಹಾಸಿದ್ದೇವೆ. ಹೆಚ್ಚು ಬರೆಯಲಾರೆ.

ಒಡತಿ

*

ಕಣ್ಣಾಸ್ಪತ್ರೆ
ಏಪ್ರಿಲ್ 19, 1999

ಗೌರವಾನ್ವಿತ ಶಿಯಾಕಾ ಕುಲಿಬಾಲಿಯವರಿಗೆ,

ನೀವು ಊರಿಗೆ ಕ್ಷೇಮವಾಗಿ ತಲುಪಿದಿರೆಂದು ಬಸ್ಸಿನ ಡ್ರೈವರ್ ತಿಳಿಸಿದರು. ಗಾಯ ಒಣಗಿರಬಹುದೆಂದು ನಂಬುತ್ತೇನೆ.

ಮಾರ್ಚ್ ತಿಂಗಳಲ್ಲಿ ತೆನೆಯವರು ನಿಮ್ಮನ್ನು ಕೈಹಿಡಿದು ಬಸ್ಸಿನಿಂದ ಇಳಿಸಿದಾಗ ನಾನು ಅಂಗಳದಲ್ಲೇ ಇದ್ದೆ. ದೂರದಿಂದಲೇ ತಿಳಿಯಿತು. ಕಣ್ಣೊಳಗೆಲ್ಲ ಕೀವು ತುಂಬಿತ್ತು. ಉಳಿಸಿಕೊಂಡರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಕಣ್ಣನ್ನೇ ತೆಗೆದರು. ಬೇರೆ ದಾರಿ ಇರಲಿಲ್ಲ. ಒಂದು ತಿಂಗಳು ಮೊದಲು ಇತ್ತು.

ನೀವು ಮಲಗಿದ್ದಷ್ಟು ದಿನ ಪ್ರತಿ ಬೆಳಗ್ಗೆ ನಿಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನು. ನೀವು ನಮಸ್ಕಾರ ಬಿಟ್ಟು ಬೇರೆ ಮಾತಾಡಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನೂ ಮಾತಾಡಲಿಲ್ಲ. ಏನು ಮಾತಾಡಲಿ?

ತೆನೆಯವರು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತ ಎರಡು ಸಂಗತಿ ಹೇಳಿದರು. ನ್ಯೆಲೆ ಅಜ್ಜಿ ದಿನಾ ಬೆಳಗ್ಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ ಪಾಲು ಯಾವುದೆಂದು ನಾನು ಕೇಳಿದೆ. ಜಗಿಯುವ ಕೋಲಾ ಕಾಯಿಯೋ ತಂಬಾಕೋ ಇರಬೇಕೆಂದುಕೊಂಡಿದ್ದೆ. “ಹನಿ, ಮಗಳೇ. ನಿನ್ ಬಾಟ್ಲಿ ಹನಿ. ತಾನೇ ತಗಂಡ್ ತನ್ ಕಣ್ಣಿಗ್ ಹಾಕ್ಕಂಡು, ವರ್ಸಿ ಕೊಡ್ತಿದ್ಲು” ಅಂದರು. ಅವಳ ಕಣ್ಣಿನ ಕೊಳೆ ಬಾಟಲಿಯ ಮೂತಿಯಿಂದ ನಿಮ್ಮ ಕಣ್ಣಿಗೆ ಬಂದದ್ದು. ಅವಳಿಗೆ ಅದು ಗೊತ್ತಿರಲಿಲ್ಲ. ಮುಟ್ಟಬಾರದೆಂದು ನಾನು ನಿಮಗೆ ಬರೆದಿದ್ದೆ, ಅದರ ಕೆಳಗೇ, ಕೇಯ್ತಾ ಕೇಳಿದ್ದಕ್ಕೆ ಇಲ್ಲವೆನ್ನಬೇಡ ಎಂದೂ ಬರೆದಿದ್ದೆ. ಎರಡರಲ್ಲಿ ಅಂಗಳದಲ್ಲಿ ಗಟ್ಟಿಯಾಗಿ ಓದಲು ಹೇಳಿದ್ದು ಎರಡನೆಯದನ್ನು.

ಇನ್ನೊಂದು, ಫೆಬ್ರವರಿಯ ಕಾಗದ ಬರೆಯುವಾಗ ನಿಮಗೆ ಏನೂ ಕಾಣುತ್ತಿರಲಿಲ್ಲವಂತೆ. ಕಾಗದದ ಮೇಲೆ ಸಾಲುಸಾಲಾಗಿ ನೂಲು ಬಿಗಿದು, ಬೆರಳಿನಿಂದ ತಡವಿ ತಡವಿ ಬರೆದಿರಂತೆ. ಆ ಸಾಲುಗಳನ್ನು ನೋಡಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ನನ್ನಿಂದ ಆದದ್ದಕ್ಕೆ ಕ್ಷಮೆ ಕೇಳುವ ಯೋಗ್ಯತೆಯೂ ನನಗಿಲ್ಲ.

ಎಡಗಣ್ಣಿನ ಬಗ್ಗೆ ಡಾಕ್ಟರು ಹೇಳಿದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಅದರಲ್ಲಿ ಸೋಂಕಿಲ್ಲ. ಬರೀ ಪೊರೆ. ತೆಗೆದರೆ ಕಾಣುವ ಸಾಧ್ಯತೆ ಚೆನ್ನಾಗಿದೆ. ಈ ಸಲ ಹನಿ ಮುಗಿಯುವವರೆಗೂ ವಾರ್ಡಿನಲ್ಲೇ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಆದರೆ ಇಷ್ಟಾದ ಮೇಲೆ ನಿಮಗೆ ಇದನ್ನು ಮಾಡಿ ಎಂದು ಹೇಳುವ ಹಕ್ಕು ನನಗಿಲ್ಲ. ಯಾರೂ ಒತ್ತಾಯ ಮಾಡುವುದಿಲ್ಲ. ನಿರ್ಧಾರ ಸಂಪೂರ್ಣ ನಿಮ್ಮದು. ದಯವಿಟ್ಟು ಯೋಚಿಸಿ.

ವಿನಯದಿಂದ,
ನರ್ಸ್ ನಾನ್ಯುಮಾ ಕೇಯ್ತಾ

*

ನ್ಯಾಮಬುಗು
ಜೂನ್ 8, 1999

ನರ್ಸಮ್ಮನವರಿಗೆ,

ಇದನ್ನು ಬರೆಯುತ್ತಿರುವುದು ಅಕ್ಷರ ಮೇಷ್ಟ್ರು. ನಾನು ಹೇಳಿದಂತೆ ಬರೆಯುತ್ತಾನೆ. ತಿದ್ದಿದರೆ ಅವನ ಕಿವಿ ಹಿಂಡುತ್ತೇನೆಂದೂ ಬರೆಸಿದ್ದೇನೆ.

ಏಪ್ರಿಲಿನಲ್ಲಿ ನಾನು ನಿನ್ನ ಕಾಗದಕ್ಕೆ ಕಾದದ್ದು ಯಾಕೆಂದು ಹೇಳುತ್ತೇನೆ. ಊರಿನವರೆಲ್ಲ ನನ್ನ ಖಾಲಿ ಕಣ್ಣಿನ ಗುಳಿಯನ್ನು ನೋಡಿ ಹೋದರು. ಆಸ್ಪತ್ರೆಗೆ ಹೋಗುವುದಿದ್ದ ನಾಲ್ಕು ಜನ ಬಸ್ಸಿನ ಜಾಗ ಬೇಡವೆಂದರು. ಸೂಜಿಯವನು ಸಂತೆಯಲ್ಲಿ ನನ್ನ ಹೆಸರು ಹಿಡಿದು ಸಾರಿದ: “ಮಣಿ ಹಾಕ್ತೀನಂದ್ರು, ಮಣೀನೂ ಇಲ್ಲ, ಕಣ್ಣೂ ಇಲ್ಲ, ನೋಡ್ಕಳಿ.” ನನಗೂ ಹೆದರಿಕೆ. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗುವ ಧೈರ್ಯ ನನ್ನಲ್ಲಿ ಇರಲಿಲ್ಲ. ಆದರೆ ಒಂದು ಉಪಾಯವಿತ್ತು. ತೆನೆಗೆ ಹೇಳಿದ್ದೆ: ಆ ಕೇಯ್ತಾ ಬರೀತಾಳೆ, ‘ಲೋ ಗುಲಾಮ, ಬಾರೋ’ ಅಂತ ಬರೀತಾಳೆ, ಆಗ ನಂಗೆ ಬೇರೆ ದಾರಿ ಇರಲ್ಲ, ಹೋಗ್ತೀನಿ. ಹೆದರಿಕೊಂಡವನಿಗೆ ಆಜ್ಞೆಯಂಥ ಊರುಗೋಲಿಲ್ಲ.

ಕಾಗದ ಬಂತು. ಮೇಷ್ಟ್ರು ಓದಿದ. “ಗೌರವಾನ್ವಿತ” ಅಂದ. ಯಾರಿಗೆ ಬಂದದ್ದೋ ಸರಿಯಾಗಿ ನೋಡೋ ಅಂದೆ. ನನಗೇ ಅಂದ. ಕೊನೆಯವರೆಗೂ ಓದಿಸಿದೆ. ಬೈಗುಳ ಎಲ್ಲಾದರೂ ಅಡಗಿರಬಹುದೆಂದು ಮತ್ತೆ ಓದಿಸಿದೆ. ಒಂದು ಅಲಸಂದೆ ಕಾಳೂ ಸಿಗಲಿಲ್ಲ.

ವಾರ್ಡಿನಲ್ಲಿ ನಾನು ಸಿಟ್ಟಿನಿಂದ ಸುಮ್ಮನಿದ್ದೆ ಎಂದು ಬರೆದಿದ್ದೀಯ. ನಾನು ಪ್ರತಿ ಬೆಳಗ್ಗೆ ಪಟ್ಟಿ ಬಿಚ್ಚುವಾಗ ಕಾಯುತ್ತಿದ್ದೆ. ಒಂದು ಕಣ್ಣಿನ ಕುಲಿಬಾಲಿಗೆ ಹೇಳಬಹುದಾದ ಬೈಗುಳ ಎಷ್ಟಿವೆ. ನಾನೇ ಮಲಗಿ ಮಲಗಿ ಹತ್ತಾರು ಕಟ್ಟಿಟ್ಟಿದ್ದೆ, ನೀನು ಒಂದು ಅಂದರೆ ನಾನು ಎರಡು ಅನ್ನಲು. ಮೊದಲು ಬಾಯಿ ಬಿಡಬೇಕಾದವಳು ನೀನು. ನಾನೇ ಮೊದಲು ಶುರು ಮಾಡಿದರೆ ನಿನ್ನನ್ನು ದೂರಿದಂತಾಗುತ್ತಿತ್ತು.

ಗೇಲಿನಂಟಿನವರು ಆಜ್ಞೆ ಮಾಡಿದರೆ ಇಲ್ಲವೆನ್ನಲಾಗದು. ನರ್ಸಮ್ಮ ದಯವಿಟ್ಟು ಅಂದರೆ ಇಲ್ಲ ಅನ್ನಬಹುದು. ಅಂದೆ.

ಮೇ ತಿಂಗಳ ಸಂತೆಯಲ್ಲಿ ಸೂಜಿಯವನ ಮರದಡಿ ಕೂತೆ. ತೆನೆ ನನ್ನ ಅಂಗಿ ಹಿಡಿದು ಎಳೆದಳು, ಅಂಗಿ ಹರಿಯಿತು. ನೋವು ಬಹಳವೇನೂ ಇಲ್ಲ. “ಎಷ್ಟು ಬೆರಳು?” ಅಂದ. ಹೇಳಿದೆ. ಚಪ್ಪಾಳೆ ಬಿತ್ತು. ನಾನು ತಿರುಗಿ ತೆನೆಯನ್ನು ನೋಡಿದೆ. ಅವಳೊಬ್ಬಳೇ ಚಪ್ಪಾಳೆ ತಟ್ಟಿರಲಿಲ್ಲ. ಹರಿದ ಅಂಗಿಯ ತುಂಡು ಅವಳ ಕೈಯಲ್ಲಿತ್ತು. ಅಷ್ಟು ಕಂಡಿತು. ನಾನು ಕಡೆಯದಾಗಿ ಸರಿಯಾಗಿ ಕಂಡದ್ದು ಅದೇ.

ಈಗ ತಲೆ ಒಡೆಯುತ್ತದೆ. ಕಣ್ಣು ಕಲ್ಲಿನ ಹಾಗಿದೆ. ದಿನದಿನಕ್ಕೆ ಹೊಗೆ. ಸೊಸೆ ಮಂಚದಡಿ ತಳ್ಳಿದ ಕಸ ನಾರುತ್ತಿದೆ. ನೀನು ಹೇಳಿದ್ದು ಸರಿ. ಇದನ್ನು ಒಪ್ಪುವುದು ಕುಲಿಬಾಲಿಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತು.

ನ್ಯೆಲೆ ಪೀಠ ತಂದು ಅಂಗಳದಲ್ಲಿಟ್ಟು ಹೋದಳು. ನಮ್ಮ ಕಡೆ ಬರುವುದಿಲ್ಲ. ಬಾವಿಯ ಹತ್ತಿರ ನಾನು ದನಿ ಎತ್ತಿ ಬೈದರೂ ಉತ್ತರ ಕೊಡುವುದಿಲ್ಲ. ಆ ಪೀಠದ ಮೇಲೆ ಯಾರೂ ಕೂರುವುದಿಲ್ಲ.

ನೀನು ಕ್ಷೇಮವೆಂದು ನಂಬಿದ್ದೇನೆ. ಹೀಗೆ ಬರೆಯುವುದು ನನಗೂ ಬರುತ್ತದೆ, ನೋಡಿದೆಯಾ.

ಶಿಯಾಕಾ ಕುಲಿಬಾಲಿ

*

ಕಣ್ಣಾಸ್ಪತ್ರೆ
ಜೂನ್ 14, 1999

ಲೋ ಗುಲಾಮ,

ಅಲಸಂದೆ ತಿಂದು ತಿಂದು ಮೆದುಳೂ ಊದಿದ ಮೂರ್ಖ. ನಿನಗೆ ಗೌರವಾನ್ವಿತ ಎಂದು ಬರೆದದ್ದಕ್ಕೆ ನನ್ನ ಅಜ್ಜಂದಿರು ಗೋರಿಯಲ್ಲಿ ಮಗ್ಗುಲು ಬದಲಿಸಿದ್ದಾರೆ. ಆ ಮಾತು ವಾಪಸು.

ಶುಕ್ರವಾರದ ಬಸ್ಸು ಹತ್ತು. ಕಣ್ಣಲ್ಲಿ ಒತ್ತಡ ಏರಿದೆ, ಒಂದೊಂದು ದಿನವೂ ಕಣ್ಣನ್ನು ತಿನ್ನುತ್ತಿದೆ. ಯೋಚಿಸಬೇಡ. ಯೋಚನೆ ನಿಮ್ಮ ಕುಲಕ್ಕೆ ಆಗಿ ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ನಾನೇ ನಿಂತಿರುತ್ತೇನೆ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಬೈಯುತ್ತೇನೆ, ಆ ದನಿ ಹಿಡಿದು ನಡೆದು ಬಾ.

ಇದು ಆಜ್ಞೆ.

ನಿನ್ನ ಒಡತಿ ಕೇಯ್ತಾ

*

ನ್ಯಾಮಬುಗು
ಸೆಪ್ಟೆಂಬರ್ 3, 1999

ತೊತ್ತೇ,

ನೂಲು ಬಿಗಿದು ನಾನೇ ಬರೆಯುತ್ತಿದ್ದೇನೆ. ಸಾಲು ನೆಟ್ಟಗಿದ್ದರೆ ಮೋಸ ಹೋಗಬೇಡ.

ನಿಲ್ದಾಣದಲ್ಲಿ ನೀನು ಬೈದ ಬೈಗುಳವನ್ನು ತೆನೆ ಇನ್ನೂ ಊರವರಿಗೆ ಹೇಳುತ್ತಿದ್ದಾಳೆ. ಕೋಳಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಪೊಲೀಸನ್ನು ಕರೆಯಲು ಹೋಗಿದ್ದಳು, “ಕುರುಡಪ್ಪಂಗೆ ಹಿಂಗ್ ಬೈಯೋದಾ” ಎಂದು. ಇವಳು ಕೇಯ್ತಾ, ಇವನು ಕುಲಿಬಾಲಿ ಎಂದು ತಿಳಿದ ಮೇಲೆ ಅವಳೇ ನಿಂತು ನಿನಗೆ ನಾಲ್ಕು ಹೊಸ ಬೈಗುಳ ಹೇಳಿಕೊಟ್ಟಳಂತೆ.

ಡಾಕ್ಟರು ಕಸವನ್ನು ಗುಡಿಸಿ ತೆಗೆದರು, ತಲೆನೋವು ಹೋಯಿತು. ತಡವಾಯಿತು ಎಂದೂ ಹೇಳಿದರು. ನೀನು ಪ್ರತಿ ಬೆಳಗ್ಗೆ ಕಿಟಕಿಯ ಹತ್ತಿರ ನಿಂತು “ಯಾರು ನಾನು?” ಎಂದು ಕೇಳುತ್ತಿದ್ದೆ. ನಾನು ಒಂದು ದಿನ ಕುಂಬಳಕಾಯಿ ಅಂದೆ, ಒಂದು ದಿನ ಗೂಬೆ ಅಂದೆ. ನೀನು ನಗುತ್ತಿದ್ದೆ. ನಗು ಮುಗಿದ ಮೇಲೂ ಅಲ್ಲೇ ನಿಂತಿರುತ್ತಿದ್ದೆ ಎಂದು ನನಗೆ ಗೊತ್ತು, ಉಸಿರು ಕೇಳುತ್ತಿತ್ತು.

ಈಗ ವರದಿ. ಮಡಕೆ ಕುದಿಯುತ್ತಿಲ್ಲ. ಇದು ಗೇಲಿಯಲ್ಲ, ನಿಜ. ಇನ್ನು ಮೇಲೆ ನಿಜ ಹೇಳುವಾಗ ಹೀಗೆ ಬರೆಯುತ್ತೇನೆ.

ಹೆಣದ ಬಟ್ಟೆ ನೇಯುತ್ತಿದ್ದೇನೆ. ಅದಕ್ಕೆ ಬಣ್ಣದ ಗೊಡವೆಯಿಲ್ಲ, ಬರೀ ಬಿಳಿ, ಬೆರಳಿಗೇ ತಿಳಿಯುತ್ತದೆ. ನಿನಗೂ ಒಂದು ನೇಯ್ದಿಟ್ಟಿದ್ದೇನೆ. ಕುಲಿಬಾಲಿ ನೇಯ್ದ ಬಟ್ಟೆಯಲ್ಲಿ ಹೋದರೆ ಅಲ್ಲಿ ನಿನಗೆ ಸ್ವಲ್ಪ ಮರ್ಯಾದೆ ಸಿಕ್ಕೀತು.

ಬಾಗಿಲು ಕಾಣುತ್ತದೆ. ಬೆಳಕಿನ ಒಂದು ತುಂಡು. ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ, ಬೆಳಕು ಮುಚ್ಚುತ್ತದೆ, ಅಷ್ಟೆ. ಅದಕ್ಕೇ ಯಾರು ಬಂದು ನಿಂತರೂ ಮೊದಲು ಬೈಯುತ್ತೇನೆ. ತಿರುಗಿ ಬೈದರೆ ಕೇಯ್ತಾ. ಸಿಟ್ಟಾದರೆ ಹೊರಗಿನವರು. ಸುಮ್ಮನಿದ್ದರೆ ಕತ್ತೆ.

ಮೊನ್ನೆ ಬೆಳಗ್ಗೆ ಬೆಳಕು ಮುಚ್ಚಿತು. ಬೈದೆ. ಉತ್ತರವಿಲ್ಲ. ಕೇಯ್ತಾಗಳ ಅಜ್ಜನನ್ನು ಬೈದೆ, ಮುತ್ತಜ್ಜನನ್ನು ಬೈದೆ, “ಹೊಲಿಗೆ, ಹೊಲಿಗೆ” ಎಂದು ಹಾಡಿಯೂ ನೋಡಿದೆ. ತುಂಬ ಹೊತ್ತು ಬೈದೆ, ನಾನ್ಯುಮಾ. ಕತ್ತೆಯಾಗಿದ್ದರೆ ಕಿವಿಯಾದರೂ ಅಲ್ಲಾಡುತ್ತಿತ್ತು. ಆಮೇಲೆ ಬೆಳಕು ಬಂತು. ನ್ಯೆಲೆ ನಿಂತಿದ್ದು ಹೋದಳು ಎಂದು ತೆನೆ ಹೇಳಿದಳು.

ಹತ್ತಿ ಬಿಡಿಸುವ ಕಾಲಕ್ಕೆ ಈ ಕಡೆ ಬರುತ್ತೀಯಂತೆ. ಬಂದರೆ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ.

ಶಿಯಾಕಾ